ಜನವಿಲ್ಲದ ವಾರ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ದೊಡ್ಡ ತಲೆನೋವಾಗಿದೆ. ಸಮುದ್ರದಿಂದ ಶುರು ಮಾಡೋಣ ಎಂದು ಒಂದು ಸಲ ಕೂತೆ:

'ದೂರದಲ್ಲಿ ನೀಲಿ ಕಡಲು ಮೆಲ್ಲಗೆ ಉಸಿರಾಡುತ್ತಿತ್ತು. ಬಂಡೆಯ ಮೇಲೆ ಬಿಳಿಯ ಲೈಟ್‌ಹೌಸ್ ಒಂಟಿಯಾಗಿ...'

ಬೇಡ. ಕಡಲು ಉಸಿರಾಡುವುದನ್ನು ನೀವು ಸಾಕಾಗುವಷ್ಟು ಓದಿದ್ದೀರಿ. ಅಲ್ಲದೆ ಇದು ಕಡಲಿನ ಕಥೆಯೂ ಅಲ್ಲ. ಒಬ್ಬಳು ಅಕ್ಕ, ಒಬ್ಬಳು ತಂಗಿ. ತಂಗಿ ಪ್ರವಾಸಕ್ಕೆ ಹೋದಳು, ಅಕ್ಕನನ್ನು ಕರೆದುಕೊಂಡು ಹೋಗಲಿಲ್ಲ. ಇಷ್ಟೇ. (ಇಷ್ಟು ಹೇಳಿದ ಮೇಲೆ ಕಥೆ ಮುಗಿದೇ ಹೋಯಿತಲ್ಲ ಅನ್ನುತ್ತೀರಿ. ಮುಗಿದಿದ್ದರೆ ನನಗೂ ನೆಮ್ಮದಿಯಿತ್ತು.)

ಎರಡನೆಯ ಸಲ ನೇರವಾಗಿ 'ತಂಗಿಗೆ ನಾಚಿಕೆಯಾಯಿತು' ಎಂದು ಬರೆದೆ. ಒಂದೇ ವಾಕ್ಯ. ಮುಂದಕ್ಕೆ ಪೆನ್ನು ಕದಲಲಿಲ್ಲ. ಏನು ಮಾಡಿದಳು, ಯಾರ ಕಣ್ಣಿಗೆ ಬಿದ್ದಳು ಎಂದು ಹೇಳದೆ ಸುಮ್ಮನೆ ನಾಚಿಕೆ ಅಂದರೆ ಯಾರಿಗೆ ತಾನೇ ತಾಗುತ್ತದೆ? ಹಾಗಾಗಿ ಎಲ್ಲರ ಮನೆಯಲ್ಲೂ ಪ್ರವಾಸ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದಲೇ ಹೊರಡುತ್ತೇನೆ: ಊಟದ ಮೇಜು, ಗೋಡೆಯಿಂದ ಇಳಿಸಿ ತಂದ ಕ್ಯಾಲೆಂಡರು, ಮತ್ತು ಗಂಡ.

೧

ಗಂಡ ಲಿಫ್ಟ್ ಮೆಕ್ಯಾನಿಕ್. ಕೆಟ್ಟು ನಿಂತ ಲಿಫ್ಟಿನ ಬಾಗಿಲನ್ನು ಸೀಳಿ ಒಳಗೆ ಬೆವರಿ ಕೂಗಾಡುತ್ತಿರುವವರನ್ನು ಹೊರಗೆಳೆಯುವುದು ಅವನ ನಿತ್ಯದ ಕೆಲಸ. ಆದ್ದರಿಂದ ಜನ ಒತ್ತೊತ್ತಾಗಿ ನಿಂತಿರುವ ಯಾವ ಜಾಗವನ್ನು ಕಂಡರೂ ಅವನಿಗೆ ಆಗದು. ಮಗಳು ಬಟಾಣಿಗೆ ಆಗ ನಾಲ್ಕು ತುಂಬಿತ್ತು. ಬಟಾಣಿ ಅವನೇ ಇಟ್ಟ ಅಡ್ಡಹೆಸರು. ಹುಟ್ಟಿದಾಗ ಅಷ್ಟೇ ಇದ್ದಳಂತೆ.

"ಮುಂದಿನ ವರ್ಷ ಇವಳು ಸ್ಕೂಲಿಗೆ ಸೇರ್ತಾಳೆ. ಆಮೇಲೆ ಮುಗೀತು ನಮ್ಮ ಕಥೆ," ಎಂದ ಅವನು. "ಲೋಕಕ್ಕೆಲ್ಲ ಯಾವಾಗ ರಜೆನೋ ನಮಗೂ ಆವಾಗಲೇ ರಜೆ. ಸಮುದ್ರ ನೋಡೋದಕ್ಕೂ ಕ್ಯೂ ನಿಲ್ಲಬೇಕು. ಹೋಗೋದಾದ್ರೆ ಈ ವರ್ಷವೇ ಹೋಗಬೇಕು."

ಎರಡೂ ಮೊಣಕೈಯೂರಿ ಅವನು ಕ್ಯಾಲೆಂಡರಿನ ಮೇಲೆ ಬಗ್ಗಿದ. ಶಾಲೆಗಳ ನಡುವರ್ಷದ ರಜೆಗೆ ಅಡ್ಡಗೀಟು ಎಳೆದ. ಅದರ ಹಿಂದಿನ ವಾರಕ್ಕೂ ಗೀಟು, ಏಕೆಂದರೆ ಬುದ್ಧಿವಂತರೆಲ್ಲ ಆಗಲೇ ಹೊರಟಿರುತ್ತಾರೆ. ಶನಿವಾರ ಭಾನುವಾರಗಳೆಲ್ಲ ಹೋದವು. ಸೋಮವಾರಕ್ಕೆ ಅಂಟಿಕೊಂಡ ರಜೆಗಳೂ ಹೋದವು. ಕೊನೆಗೆ ಶಾಲೆ ಮತ್ತೆ ತೆರೆದ ಮೇಲಿನ ಒಂದು ವಾರ, ಗೀಟು ಬೀಳದೆ ಉಳಿಯಿತು.

"ಇದು ನೋಡು! ರಜೆ ಮುಗಿಸಿ ಬಂದೋರೆಲ್ಲ ಮನೇಲಿ ಕೂತು ಬಟ್ಟೆ ಒಗೀತಿರ್ತಾರೆ. ಆ ಲೈಟ್‌ಹೌಸ್ ಹತ್ರ ಒಂದು ನರಪಿಳ್ಳೆ ಇರಲ್ಲ."

ತಂಗಿ ತಕ್ಷಣ "ಸರಿ" ಅಂದಳು.

('ಅಷ್ಟು ಬೇಗ ನಾನೇನೂ ಒಪ್ಪಲಿಲ್ಲ,' ಎನ್ನುತ್ತಾಳೆ ತಂಗಿ, ಇಲ್ಲಿ ನನ್ನನ್ನು ತಡೆದು. 'ಕ್ಲಿನಿಕ್ಕಲ್ಲಿ ರಜೆ ಸಿಗುತ್ತೋ ಇಲ್ವೋ ಅಂತ ಯೋಚನೆ ಮಾಡಿದೆ.'

ಯೋಚನೆ ಮಾಡಿದ್ದು ಅದನ್ನೇ ಏನಮ್ಮಾ?

ಅವಳು ಸುಮ್ಮನಾಗುತ್ತಾಳೆ. ಪಾತ್ರಗಳು ಸುಮ್ಮನಾದಾಗ ಮುಂದಿನ ಸಾಲನ್ನು ಧೈರ್ಯವಾಗಿ ಬರೆಯಬಹುದು.)

ಅವಳು ಯೋಚಿಸಿದ್ದು ಇದು: ಶಾಲೆ ತೆರೆದ ಮೇಲಿನ ವಾರವೆಂದರೆ ಅಕ್ಕ ಬರುವ ಹಾಗಿಲ್ಲ. ಅಕ್ಕ ಶಾಲಾ ಟೀಚರ್.

ಬರಬೇಡ ಎಂದು ಹೇಳಬೇಕಾಗಿಲ್ಲ. ಕ್ಯಾಲೆಂಡರೇ ಹೇಳುತ್ತದೆ.

೨

ಈಗ ಅಕ್ಕನ ಬಗ್ಗೆ ಹೇಳಬೇಕು. ಮೊದಲ ಕರಡಿನಲ್ಲಿ ನಾನು ಅವಳನ್ನು ತುಂಬ ಒಳ್ಳೆಯವಳನ್ನಾಗಿ ಮಾಡಿಬಿಟ್ಟಿದ್ದೆ. ಪುಟದ ಮೇಲೆ ಸಕ್ಕರೆ ಪಾಕ ಚೆಲ್ಲಿದ ಹಾಗೆ ಇರುವೆ ಮುತ್ತಿದವು. ಹರಿದು ಹಾಕಿದೆ. ಅಕ್ಕ ಒಳ್ಳೆಯವಳು ಹೌದು, ಜೊತೆಗಿದ್ದರೆ ಸುಸ್ತು ಮಾಡುವವಳೂ ಹೌದು.

ಅವಳು ಮೂರನೆಯ ತರಗತಿಗೆ ಪಾಠ ಹೇಳುತ್ತಾಳೆ. ಮದುವೆಯಾಗಿಲ್ಲ. ತಂಗಿಯ ಮನೆಯಿಂದ ಎರಡು ಬೀದಿ ಆಚೆ, ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅವಳಿಗೆ ದನಿ ಒಂದೇ. ತರಗತಿಯ ಹಿಂದಿನ ಬೆಂಚಿಗೆ ಮುಟ್ಟಿಸುವ ಅದೇ ದನಿಯಲ್ಲಿ ಬಸ್ಸಿನಲ್ಲೂ ಮಾತಾಡುತ್ತಾಳೆ, ಬ್ಯಾಂಕಿನಲ್ಲೂ ಮಾತಾಡುತ್ತಾಳೆ, ಆಸ್ಪತ್ರೆಯಲ್ಲಿ ಮಲಗಿದ್ದವರ ತಲೆದೆಸೆಯಲ್ಲೂ ಮಾತಾಡುತ್ತಾಳೆ. ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೆ ಒಳಗೆ ಹೋಗಿ ಮಾಲೀಕನನ್ನು ಕರೆದು ತಂದು ತೋರಿಸುತ್ತಾಳೆ. ಪಕ್ಕದ ಸೀಟಿನವರ ಮಗನ ಕೆಲಸ, ಸೊಸೆಯ ಥೈರಾಯಿಡ್ಡು ಎಲ್ಲ ಮುಂದಿನ ಸ್ಟಾಪಿನೊಳಗೆ ಅವಳಿಗೆ ಗೊತ್ತಾಗಿರುತ್ತದೆ.

ಹಿಂದಿನ ರಜೆಯಲ್ಲಿ ಎಲ್ಲರೂ ಒಂದು ಮ್ಯೂಸಿಯಮ್ಮಿಗೆ ಹೋಗಿದ್ದರು. ಕಾಲಿಡಲು ಜಾಗವಿಲ್ಲ. ಎಲ್ಲೋ ಒಂದು ಮಗು ಅಮ್ಮನ ಕೈ ತಪ್ಪಿ ಚಿಟ್ಟನೆ ಚೀರಿಕೊಂಡಿತು. ಯಾರೂ ಏನೂ ಮಾಡದೆ ತಳ್ಳಾಡುತ್ತಿದ್ದಾಗ ಅಕ್ಕ ಅಲ್ಲಿದ್ದ ಬೆಂಚಿನ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದಳು.

"ಎಲ್ಲರೂ ಇದ್ದಲ್ಲೇ ನಿಂತ್ಕೊಳಿ! ಬಾಯಿ ಮೇಲೆ ಬೆರಳು!"

ಇಡೀ ಹಾಲ್ ಗಪ್ಪಾಯಿತು. ಸೂಟು ಹಾಕಿದ್ದ ಒಬ್ಬ ಗಂಡಸು ನಿಜವಾಗಿಯೂ ಬಾಯಿಯ ಮೇಲೆ ಬೆರಳಿಟ್ಟುಕೊಂಡ. ಆ ನಿಶ್ಶಬ್ದದಲ್ಲಿ ತಾಯಿಗೆ ಮಗುವಿನ ದನಿ ಕೇಳಿಸಿತು, ಮಗು ಸಿಕ್ಕಿತು. ಆಮೇಲೆ ಎಲ್ಲರೂ ನಕ್ಕರು. ಇಬ್ಬರು ಹುಡುಗರು ಮೊಬೈಲು ಎತ್ತಿ ಅಕ್ಕ ಬೆಂಚಿನಿಂದ ತಡವರಿಸಿಕೊಂಡು ಇಳಿಯುವುದನ್ನು ಹಿಡಿದರು. ಅಷ್ಟರಲ್ಲಿ ಯಾರೋ ತಂಗಿಯ ಭುಜ ಮುಟ್ಟಿದರು. ಅವಳ ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಬರುವ ಒಬ್ಬ ಹೆಂಗಸು. ಉಟ್ಟರೂ ಚೆಂದ, ನಕ್ಕರೂ ಚೆಂದ, ತಂಗಿ ಒಳಗೊಳಗೇ ಮೆಚ್ಚಿಕೊಂಡಿದ್ದವರು.

"ಅವರು ನಿಮ್ಮ ಜೊತೆ ಬಂದವರಾ?"

ತಂಗಿ "ಇಲ್ಲ" ಅಂದಳು.

('ಇದನ್ನ ಬರೀಲೇಬೇಕಾ?'

ಬರೆಯದಿದ್ದರೆ ನಿನ್ನ ಲೈಟ್‌ಹೌಸ್ ಯಾರಿಗೂ ಅರ್ಥವಾಗುವುದಿಲ್ಲ.

'ಹಾಗಾದ್ರೆ ಇದನ್ನೂ ಬರೀರಿ. ಆವತ್ತು ಸಂಜೆ ಅಕ್ಕನ ನೋಯೋ ಮಂಡಿಗೆ ಎಣ್ಣೆ ಹಚ್ಚಿದ್ದು ನಾನೇ.'

ಬರೆದಿದ್ದೇನೆ. ಲೆಕ್ಕ ಸರಿಹೋಯಿತು ಎಂದು ಓದುವವರು ಒಪ್ಪುತ್ತಾರೋ ಇಲ್ಲವೋ, ಅದು ನನ್ನ ಕೈಲಿಲ್ಲ.)

೩

ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಕೌಂಟರು ನೋಡಿಕೊಳ್ಳುತ್ತಾಳೆ. ಡಾಕ್ಟರು ಒಳಗೆ ಸುಮ್ಮನೆ ಕೂತಿದ್ದರೂ "ಈ ವಾರ ಫುಲ್ ಇದೆ ಸಾರ್" ಎಂದು ಫೋನಿನಲ್ಲಿ ಹೇಳಲು ಅವಳಿಗೆ ಬರುತ್ತದೆ. ಆ ಹೊತ್ತಿಗೆಂದೇ ಒಂದು ದನಿಯಿದೆ, ತೊಳೆದಿಟ್ಟ ಗಾಜಿನ ಲೋಟದ ಹಾಗೆ. ಅದೇ ದನಿಯಲ್ಲಿ ಅವಳು ಅಕ್ಕನಿಗೆ ಹೇಳಿದಳು:

"ನಿನಗೆ ಸ್ಕೂಲಿರತ್ತಲ್ಲ ಅಕ್ಕ, ಏನು ಮಾಡೋದು. ರಜೇಲಿ ಹೋದ್ರೆ ಬರೀ ಜನ. ಇವರಿಗೆ ಆಗಲ್ಲ."

ಅಕ್ಕ ಮುಖ ಸಣ್ಣ ಮಾಡಲಿಲ್ಲ. ಲೈಟ್‌ಹೌಸ್ ಎಷ್ಟು ಎತ್ತರ, ಮೇಲೆ ಹತ್ತಲು ಬಿಡುತ್ತಾರಾ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಉಳಿಯಲು ಜಾಗ ಹೇಗಿದೆ ಎಂದೆಲ್ಲ ಕೇಳಿದಳು. ತಂಗಿ ಮೊಬೈಲಿನಲ್ಲಿ ಒಂದೊಂದೇ ಫೋಟೊ ತೋರಿಸಿದಳು. ಬರಲಾಗದವಳಿಗೆ ತೋರಿಸುವುದಕ್ಕೇನು?

ಮುಂದಿನ ವಾರ ಮಧ್ಯಾಹ್ನ, ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿಸಿಕೊಂಡವರು ಸಾಲಾಗಿ ಕೂತಿದ್ದಾಗ, ಗಾಜಿನ ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು. ಶಾಲೆಯಿಂದ ನೇರವಾಗಿ ಬಂದಿದ್ದಳು. ಸೆರಗಿನ ತುದಿಯಲ್ಲಿ ಸೀಮೆಸುಣ್ಣದ ಪುಡಿ.

"ಏಯ್, ರಜಾ ಸಿಕ್ತು ಕಣೇ!"

ಊದಿದ ಕೆನ್ನೆಗಳೆಲ್ಲ ತಿರುಗಿದವು.

"ಆ ಲೆಕ್ಕದ ಟೀಚರ್ ಹೆರಿಗೆಗೆ ಹೋಗಿದ್ದಾಗ ಅವಳ ಕ್ಲಾಸೆಲ್ಲ ನಾನೇ ತಗೊಂಡಿದ್ದೆ ನೋಡು. ಈಗ ನನ್ನ ಕ್ಲಾಸ್ ಅವಳು ತಗೋತಾಳಂತೆ. ಹೆಡ್ ಮಾಸ್ಟರ್ರೂ ಹೂಂ ಅಂದ್ರು. ಇಷ್ಟು ವರ್ಷದಲ್ಲಿ ಸ್ಕೂಲ್ ನಡೀತಿರೋವಾಗ ನಾನು ಒಂದು ದಿನ ಊರು ಬಿಟ್ಟಿಲ್ಲ ಗೊತ್ತಾ? ಜನ ಇಲ್ಲದ ಜಾಗ ಹೆಂಗಿರತ್ತೆ ಅಂತ ನಾನೂ ಒಂದು ಸಲ ನೋಡ್ತೀನಿ!"

ತಂಗಿ ನಕ್ಕಳು. ಕೌಂಟರಿನ ಹಿಂದೆ ನಿಂತವರು ನಗಲೇಬೇಕು.

(ಇಲ್ಲಿ ನಾನು ಒಂದು ವಾರ ನಿಂತುಬಿಟ್ಟೆ. ಕಥೆಗೆ ಇಲ್ಲೇ ಒಂದು ಒಳ್ಳೆಯ ತಿರುವು ಇತ್ತು. ಮೂವರ ಬದಲು ನಾಲ್ವರು ಹೋಗುವುದು, ಅಕ್ಕ ಲೈಟ್‌ಹೌಸಿನ ಕಾವಲುಗಾರನ ವಂಶಾವಳಿಯನ್ನೆಲ್ಲ ಕೇಳಿ ತಿಳಿದುಕೊಳ್ಳುವುದು, ತಂಗಿ ಮೊದಲು ಮುಜುಗರಪಟ್ಟು ಆಮೇಲೆ ಮೆತ್ತಗಾಗುವುದು. ಎರಡು ಪುಟ ಬರೆದೆ ಕೂಡ. ತಂಗಿ ಓದಿ 'ಚೆನ್ನಾಗಿದೆ' ಅಂದಳು. 'ಆದ್ರೆ ನಾನು ಹಾಗೆ ಮಾಡಲಿಲ್ಲವಲ್ಲ.')

೪

ಮಾಡಿದ್ದು ಏನೆಂದರೆ, ನಾಲ್ಕು ದಿನ ಬಿಟ್ಟು ಅಕ್ಕನಿಗೆ ಫೋನು ಮಾಡಿದಳು. ಡಾಕ್ಟರು ರಜೆ ಕೊಡಲಿಲ್ಲ, ಪ್ರವಾಸ ಕ್ಯಾನ್ಸಲ್. ತೊಳೆದಿಟ್ಟ ಲೋಟದ ದನಿ.

"ಅಯ್ಯೋ," ಎಂದಳು ಅಕ್ಕ. "ಅಯ್ಯೋ, ಪಾಪ ಕಣೇ ನೀನು. ಎಷ್ಟು ಆಸೆ ಇಟ್ಕೊಂಡಿದ್ದೆ. ಡಾಕ್ಟರ್ ಹತ್ರ ನಾನು ಬಂದು ಮಾತಾಡ್ಲಾ?"

"ಬೇಡ ಬೇಡ!"

"ಸರಿ ಬಿಡು. ಹೆಂಗೂ ನನಗೆ ರಜಾ ಇದೆ. ಆ ವಾರ ಬಟಾಣಿನ ನನ್ನ ಹತ್ರ ಬಿಡು. ನೀನಾದ್ರೂ ಆರಾಮಾಗಿರು."

ಇದನ್ನು ತಂಗಿ ಎಣಿಸಿರಲಿಲ್ಲ. ಸುಳ್ಳು ಹೇಳುವವರು ಎದುರಿನವರ ಸಿಟ್ಟಿಗೆ ತಯಾರಾಗಿರುತ್ತಾರೆ, ಉಪಕಾರಕ್ಕೆ ತಯಾರಾಗಿರುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು: ಬಟಾಣಿ ಆ ವಾರ ಅವಳ ಅಪ್ಪನ ಕಡೆಯ ಅಜ್ಜಿಯ ಮನೆಗೆ ಹೋಗುತ್ತಾಳೆ. ಅಜ್ಜಿ ಕರೆದಿದ್ದಾರೆ. ಹೌದು, ದಿಢೀರನೆ. ಇಲ್ಲ, ಹುಷಾರಾಗಿದ್ದಾರೆ. ಸುಮ್ಮನೆ, ನೋಡಬೇಕನ್ನಿಸಿತಂತೆ.

ಅಕ್ಕ ರಜೆ ವಾಪಸ್ ಮಾಡಿದಳು.

ಗಂಡನಿಗೆ ಇದೆಲ್ಲ ಹಿಡಿಸಲಿಲ್ಲ. "ಬರಲಿ ಬಿಡೇ, ಪಾಪ. ಅವರೊಬ್ಬರು ಬಂದ್ರೆ ಜನಜಂಗುಳಿ ಆಗತ್ತಾ?" ಎಂದ. "ನಿಮಗೆ ಗೊತ್ತಾಗಲ್ಲ ಸುಮ್ನಿರಿ," ಎಂದಳು ತಂಗಿ. ಅವನು ಸುಮ್ಮನಾದ. ಆ ಸುಮ್ಮನಾದದ್ದು ಅವನ ಪಾಲಿನ ತಪ್ಪು; ಅವನ ಪಾಲಿನ ಶಿಕ್ಷೆ ಮುಂದೆ ಬರುತ್ತದೆ, ಸ್ವಲ್ಪ ನಗು ಬರಿಸುವಂಥದ್ದು.

೫

ಈಗ ಒಂದು ಮಾತು ಮುಂಚಿತವಾಗಿಯೇ ಹೇಳಿಬಿಡುತ್ತೇನೆ. ಮುಂದೆ ಬರುವುದನ್ನು ಓದಿ ನೀವು 'ಇದೆಲ್ಲ ಕಥೆಯಲ್ಲಿ ಮಾತ್ರ ಆಗೋದು' ಅನ್ನುತ್ತೀರಿ. ಅನ್ನಿ. ನಾನೂ ಅಂದೆ. ಆದರೆ ಕೂತು ಎಳೆ ಬಿಡಿಸಿದರೆ ಅದರಲ್ಲಿ ಕಾಕತಾಳೀಯ ಒಂದು ಚಿಟಿಕೆಯಷ್ಟೂ ಇಲ್ಲ. ಅಕ್ಕನ ಶಾಲೆಯವರು ಮಕ್ಕಳನ್ನು ಟೂರಿಗೆ ಕರೆದೊಯ್ಯಲು ಜಾಗ ಹುಡುಕುತ್ತಿದ್ದರು. ಹೆಡ್ ಮಾಸ್ಟರಿಗೂ ಜನರ ಗದ್ದಲ ಬೇಡ. ರಜೆ ಮುಗಿದ ಮೇಲಿನ ವಾರವೇ ಬೇಕು. ಎಲ್ಲಿಗೆ ಎಂದು ಕೇಳಿದಾಗ ಕೈಯೆತ್ತಿದವಳು ಅಕ್ಕ. ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಮೇಲೆ ಹತ್ತಲು ಬಿಡುತ್ತಾರಾ, ಎಲ್ಲ ಅವಳಿಗೆ ಬಾಯಿಪಾಠ. ಯಾರು ಹೇಳಿಕೊಟ್ಟಿದ್ದು? ಫೋಟೊ ಸಮೇತ?

ತಂಗಿಗೆ ಅಕ್ಕ ಇದನ್ನು ಹೇಳಿರಲಿಲ್ಲ. ಪಾಪ, ಹೋಗಲಾಗದವಳ ಹೊಟ್ಟೆ ಉರಿಸುವುದೇಕೆ ಎಂದು. ಅಲ್ಲಿಗೆ ಹೋದ ಮೇಲೆ ಅಲ್ಲಿಂದಲೇ ಫೋನಿನಲ್ಲಿ ತೋರಿಸಿದರಾಯಿತು ಎಂದುಕೊಂಡಿದ್ದಳು.

೬

ಗಂಡ ಹೇಳಿದ್ದು ನಿಜವಾಗಿತ್ತು. ಒಂದು ನರಪಿಳ್ಳೆ ಇರಲಿಲ್ಲ. ದಡದುದ್ದಕ್ಕೂ ಅಂಗಡಿಗಳು ಅರ್ಧ ಬಾಗಿಲು ತೆರೆದು ತೂಕಡಿಸುತ್ತಿದ್ದವು. ಲೈಟ್‌ಹೌಸಿನ ಕಾವಲುಗಾರ ಟಿಕೆಟು ಹರಿದು ಕೊಟ್ಟು ಮತ್ತೆ ರೇಡಿಯೊ ಕಿವಿಗಿಟ್ಟುಕೊಂಡ. ಗಂಡ ಎಲ್ಲರಿಗೂ ಚಹಾ ತರುತ್ತೇನೆಂದು ಕೆಳಗೇ ಉಳಿದ. ತಂಗಿ ಬಟಾಣಿಯ ಕೈ ಹಿಡಿದು ಸುತ್ತು ಮೆಟ್ಟಿಲು ಹತ್ತಿದಳು. ಹೋಗಲೂ ಅದೊಂದೇ ದಾರಿ, ಬರಲೂ ಅದೊಂದೇ.

ಮೇಲೆ, ದೀಪದ ಕೋಣೆಯ ಸುತ್ತ ಕಬ್ಬಿಣದ ಕಂಬಿಯ ಕಿರಿದಾದ ಜಗಲಿ. ಹಗಲು ಬಿಸಿಲು ದೀಪದ ಗಾಜಿಗೆ ಬೀಳದಿರಲೆಂದು ಕೋಣೆಗೆ ಒಳಗಿಂದ ದಪ್ಪ ಪರದೆ ಎಳೆದಿದ್ದರು. ಗಾಳಿ. ಕಣ್ಣು ಹರಿದಷ್ಟು ದೂರ ನೀರು. ತಂಗಿ ಕಂಬಿಗೆ ಒರಗಿ ನಿಂತಳು. ಯಾರೂ ತಳ್ಳಲಿಲ್ಲ, ಯಾರೂ 'ಸ್ವಲ್ಪ ಸರೀರಿ' ಅನ್ನಲಿಲ್ಲ, ಯಾರ ಜೊತೆ ಬಂದಿರಿ ಎಂದು ಕೇಳುವವರಿರಲಿಲ್ಲ. ಬಹಳ ದಿನಗಳ ಮೇಲೆ ಅವಳಿಗೆ ತಾನು ಚೆನ್ನಾಗಿದ್ದೇನೆ ಅನ್ನಿಸಿತು. (ಇದನ್ನು ಅವಳೇ ಒತ್ತಾಯ ಮಾಡಿ ಬರೆಸಿದಳು. 'ಆ ಐದು ನಿಮಿಷ ನಾನು ನಿಜವಾಗ್ಲೂ ಖುಷಿಯಾಗಿದ್ದೆ. ಅದನ್ನ ಬಿಟ್ಟುಬಿಡಬೇಡಿ, ಅದೇ ಹೆಚ್ಚು ಚುಚ್ಚೋದು.')

ಆಗ ಮೆಟ್ಟಿಲ ಬಾವಿಯೊಳಗಿಂದ ದನಿ ಎದ್ದು ಬಂತು.

"ಎಡಗಡೆ ಕಂಬಿ ಹಿಡ್ಕೊಳಿ! ಒಬ್ಬರ ಹಿಂದೆ ಒಬ್ಬರು! ಮುಂದಿನವರ ಬ್ಯಾಗ್ ಎಳೀಬೇಡಿ!"

ಲೋಕದಲ್ಲಿ ಟೀಚರುಗಳು ಎಷ್ಟೋ ಜನ, ಎಲ್ಲರ ದನಿಯೂ ಹೀಗೇ ಇರುತ್ತದೆ ಎಂದು ತಂಗಿ ಒಂದು ಗಳಿಗೆ ತನಗೆ ತಾನೇ ಹೇಳಿಕೊಂಡಳು. ಮೆಟ್ಟಿಲಿನ ಬಾಗಿಲಿಗೆ ಹಳದಿ ಟೋಪಿಯೊಂದು ಮೂಡಿತು, ಅದರ ಹಿಂದೆ ಇನ್ನೊಂದು. ತಂಗಿ ಬಟಾಣಿಯನ್ನು ಎತ್ತಿಕೊಂಡು ಜಗಲಿಯ ಆಚೆ ಬದಿಗೆ ಸರಿದಳು. ನಡುವೆ ದೀಪದ ಕೋಣೆ, ಪರದೆ.

"ದೊಡ್ಡ..." ಎಂದಿತು ಬಟಾಣಿ, ಕಣ್ಣರಳಿಸಿ.

ತಂಗಿ ಮಗುವಿನ ಬಾಯಿ ಮುಚ್ಚಿದಳು. ಉಳಿದರ್ಧ, 'ಮ್ಮ', ಬಿಸಿ ಉಸಿರಾಗಿ ಅವಳ ಅಂಗೈಗೆ ತಾಗಿತು.

ಆಚೆ ಬದಿಯಲ್ಲಿ ಅಕ್ಕ ಏದುಸಿರು ಬಿಡುತ್ತಿದ್ದಳು. ಆ ಮಂಡಿಯಲ್ಲಿ ಅಷ್ಟು ಮೆಟ್ಟಿಲು ಹತ್ತಿದ್ದಳು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು, "ಮಕ್ಕಳೇ, ಈಗ ನನ್ನ ತಂಗಿಗೆ ಫೋನ್ ಮಾಡ್ತೀನಿ," ಎಂದಳು. "ಬಸ್ಸಲ್ಲಿ ಹೇಳ್ದೆ ನೋಡಿ, ಅವಳೇ. ಅವಳು ಬರಬೇಕಿತ್ತು, ಪಾಪ ಆಗಲಿಲ್ಲ. ವೀಡಿಯೋದಲ್ಲಿ ಬಂದ ತಕ್ಷಣ ಎಲ್ಲರೂ ಸಮುದ್ರದ ಕಡೆ ಕೈ ತೋರ್ಸಿ ಜೋರಾಗಿ 'ಹಾಯ್ ಆಂಟಿ' ಅನ್ನಬೇಕು. ರೆಡಿನಾ?"

"ರೆಡೀ ಮಿಸ್!"

ತಂಗಿಯ ಒಂದು ಕೈ ಮಗುವಿನ ಬಾಯಿಯ ಮೇಲೆ, ಇನ್ನೊಂದು ಕೈಯಲ್ಲಿ ಮಗು. ಫೋನು ಹೆಗಲ ಚೀಲದ ತಳದಲ್ಲಿ. ಬಿಡಿಸಿಕೊಂಡು ಅದನ್ನು ತೆಗೆಯುವುದರೊಳಗೆ ಅದು ಕೂಗಿಕೊಂಡಿತು: ಕ್ವಾಕ್, ಕ್ವಾಕ್, ಕ್ವಾಕ್.

(ನಗಬೇಡಿ. ಅಥವಾ ನಗಿ, ನಾನು ಬೇಡವೆಂದರೆ ನೀವೇನು ಕೇಳುತ್ತೀರಾ? ತಂಗಿಯ ಫೋನಿಗೆ ಬಾತುಕೋಳಿಯ ಕೂಗನ್ನು ಹಾಕಿಸಿದ್ದು ಬಟಾಣಿ. ಹಾಕಿಕೊಟ್ಟದ್ದು ಅಕ್ಕ, ಒಂದಿಡೀ ಮಧ್ಯಾಹ್ನ ಇಬ್ಬರೂ ಸೋಫಾದ ಮೇಲೆ ಬೋರಲಾಗಿ ಬಿದ್ದುಕೊಂಡು ಹುಲಿ, ಕತ್ತೆ, ಕಪ್ಪೆಗಳನ್ನೆಲ್ಲ ಕೇಳಿ ನೋಡಿ ಆರಿಸಿದ್ದರು.)

"ಮಿಸ್! ಆ ಕಡೆ ಬಾತುಕೋಳಿ ಇದೆ!"

ಪುಟ್ಟ ಶೂಗಳು ಕಬ್ಬಿಣದ ಮೇಲೆ ದಡದಡ ಓಡಿದವು.

"ನಿಂತ್ಕೊಳಿ."

ಅದು ಅಕ್ಕನ ದನಿ ಎಂದು ತಂಗಿಗೆ ಮೊದಲು ತಿಳಿಯಲಿಲ್ಲ. ಅಷ್ಟು ಸಣ್ಣದಾಗಿ ಅಕ್ಕ ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಆ ಕಡೆ ಯಾರೂ ಹೋಗಬೇಡಿ. ಗಾಳಿ ಜಾಸ್ತಿ ಇದೆ."

ಕ್ವಾಕ್ ನಿಂತಿತು. ತಂಗಿ ನಿಲ್ಲಿಸಿರಲಿಲ್ಲ, ಆಚೆಯಿಂದ ನಿಂತಿತ್ತು.

"ಮಿಸ್, ನಿಮ್ಮ ತಂಗಿ ಫೋನ್ ಎತ್ತಲಿಲ್ವಾ?"

"ಇಲ್ಲ. ಕೆಲಸದಲ್ಲಿದ್ದಾಳೆ. ಇಳೀರಿ ಈಗ. ಲೈನಲ್ಲಿ."

ಟೋಪಿಗಳೆಲ್ಲ ಇಳಿದವು. ಕೊನೆಗೆ ಒಂದು ದೊಡ್ಡ ಹೆಜ್ಜೆ, ಒಂದೊಂದು ಮೆಟ್ಟಿಲಿಗೂ ಎರಡು ಕಾಲನ್ನೂ ಕೂಡಿಸಿ ನಿಂತು, ಇಳಿಯಿತು. ಬಹಳ ಹೊತ್ತು ಇಳಿಯಿತು.

೬ (ಬೇರೆ ಥರ)

'ತಂಗಿ ತಡೆಯಲಾರದೆ ಆಚೆ ಬದಿಗೆ ಓಡಿದಳು. ಅಕ್ಕಾ! ಎಂದಳು...'

ಹೊಡೆದು ಹಾಕಿದ್ದೇನೆ. ತಂಗಿಯೇ ಹೊಡೆಸಿದಳು. ಇದನ್ನಾದರೂ ಕೊಡೋಣ, ನೋಡು, ಇನ್ನೂ ಹೊತ್ತು ಮೀರಿಲ್ಲ, ಅವಳು ಅರ್ಧ ಮೆಟ್ಟಿಲಲ್ಲಿದ್ದಾಳೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. 'ನಾನು ಬಸ್ ಹೊರಟ ಸದ್ದು ಕೇಳೋವರೆಗೆ ಅಲ್ಲೇ ಕೂತಿದ್ದೆ. ನೀವು ಓಡಿಸಿದ್ರೆ ಓದೋರು ನನ್ನ ಕ್ಷಮಿಸಿಬಿಡ್ತಾರೆ. ಬೇಡ.'

ತಂಗಿ ಕೆಳಗಿಳಿದಾಗ ಗಂಡ ಎಲ್ಲಿಯೂ ಇರಲಿಲ್ಲ. ಕಲ್ಲುಬೆಂಚಿನ ಮೇಲೆ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ಆಮೇಲೆ ಅವನು ಹೆಂಗಸರ ಶೌಚಾಲಯದಿಂದ ತಲೆ ತಗ್ಗಿಸಿಕೊಂಡು ಹೊರಗೆ ಬಂದ.

"ಬಸ್ಸಿಂದ ನಿಮ್ಮಕ್ಕ ಇಳೀತಿದ್ರು. ಗಾಬರೀಲಿ ಯಾವ ಬಾಗಿಲು ಅಂತಾನೂ ನೋಡಲಿಲ್ಲ," ಎಂದ. ಆಮೇಲೆ, "ನಾವು ಯಾಕೆ ಹಿಂಗೆ ಅವಿತ್ಕೊಂಡ್ವಿ?" ಎಂದು ಕೇಳಿದ. ಜಗಳಕ್ಕೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಉಳಿದ ದಿನಗಳನ್ನು ಅವರು ಅಲ್ಲೇ ಕಳೆದರು, ಎಲ್ಲ ಮೊದಲೇ ಗೊತ್ತುಮಾಡಿಯಾಗಿತ್ತಲ್ಲ. ದಡ ಖಾಲಿ, ಊಟದ ಹಾಲ್ ಖಾಲಿ, ದೋಣಿ ಖಾಲಿ. ಬಟಾಣಿ ಮರಳಿನಲ್ಲಿ ಅಪ್ಪನ ಜೊತೆ ಆಡಿತು. ತಂಗಿ ಮುದ್ದು ಮಾಡಲು ಕೈ ಚಾಚಿದಾಗೆಲ್ಲ ಮಗು ಮೊದಲು ತುಟಿ ಒಳಗೆಳೆದುಕೊಳ್ಳುತ್ತಿತ್ತು.

೭

ಊರಿಗೆ ಬಂದ ಮೇಲೆ ಅಕ್ಕ ಫೋನು ಮಾಡಲಿಲ್ಲ. ಮನೆಗೂ ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ತಂಗಿ ಒಬ್ಬಳೇ ಎರಡು ಬೀದಿ ದಾಟಿ ಹೋದಳು. ದಾರಿಯಲ್ಲಿ ಬಿಸ್ಕತ್ತು ಕೊಂಡಳು. ಬರಿಗೈಯಲ್ಲಿ ಹೋದರೆ ತಪ್ಪೊಪ್ಪಿಗೆಯಂತೆ ಕಾಣುತ್ತದೆ, ತೆಗೆದುಕೊಂಡು ಹೋದರೆ ಲಂಚದಂತೆ ಕಾಣುತ್ತದೆ ಎಂದು ಅಂಗಡಿಯ ಮುಂದೆಯೇ ಎರಡು ಸಲ ಮನಸ್ಸು ಬದಲಾಯಿಸಿದ ಮೇಲೆ.

ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ತರಗತಿಯ ಗೋಡೆಗೆ ಹಾಕಲು ಮಕ್ಕಳ ಚಿತ್ರಗಳ ಅಂಚು ಕತ್ತರಿಸುತ್ತಿದ್ದಳು. "ಬಾ," ಎಂದಳು. ಚಿತ್ರಗಳೆಲ್ಲ ಲೈಟ್‌ಹೌಸಿನವು. ಓರೆಯಾದದ್ದು, ಡೊಳ್ಳು ಹೊಟ್ಟೆಯದ್ದು, ಕೈಕಾಲು ಬಂದದ್ದು. ಅದರಲ್ಲಿ ಮೂರು ನಾಲ್ಕರ ತುದಿಯಲ್ಲಿ ಒಂದೊಂದು ಬಾತುಕೋಳಿ ಕೂತಿತ್ತು.

ತಂಗಿ ಬಿಸ್ಕತ್ತಿನ ಪೊಟ್ಟಣವನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕೂತಳು.

"ಅಕ್ಕ, ಆವತ್ತು ಮೇಲೆ ನಾನೇ ಇದ್ದೆ."

"ಗೊತ್ತು."

"ಬಟಾಣಿನೂ ಇದ್ಲು."

"ಹೂಂ. ನಿನ್ನ ಗಂಡನ್ನೂ ನೋಡ್ದೆ. ಲೇಡೀಸ್ ಟಾಯ್ಲೆಟ್ಟಿಗೆ ನುಗ್ತಿದ್ದ. ಬಸ್ಸಿಳಿಯೋವಾಗ ಯಾರೋ ಅಂದ್ಕೊಂಡಿದ್ದೆ, ಕ್ವಾಕ್ ಕೇಳಿದ ಮೇಲೆ ಹೊಳೀತು."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕತ್ತರಿ ಕಾಗದವನ್ನು ಕತ್ತರಿಸುತ್ತ ಹೋಯಿತು.

"ನೀನು ಬೈದಿದ್ರೆ ಚೆನ್ನಾಗಿತ್ತು," ಎಂದಳು ತಂಗಿ. "ಮಕ್ಕಳ ಮುಂದೆ ನನ್ನ ಮರ್ಯಾದೆ ಹೋಗಬಾರ್ದು ಅಂತ ಅವರನ್ನೆಲ್ಲ ಇಳಿಸ್ಕೊಂಡು ಹೋದೆ. ಅದನ್ನ ನೆನೆಸ್ಕೊಂಡ್ರೆ ನನಗೆ..."

"ನಿನ್ನ ಮರ್ಯಾದೆ ಅಲ್ಲ ಕಣೇ." ಅಕ್ಕ ಕತ್ತರಿ ಕೆಳಗಿಟ್ಟಳು. "ನನ್ನದು. ಬಸ್ಸಲ್ಲಿ ದಾರಿಯುದ್ದಕ್ಕೂ ನನ್ನ ತಂಗಿ, ನನ್ನ ತಂಗಿ ಅಂತ ಹೇಳ್ಕೊಂಡು ಬಂದಿದ್ದೆ. ಆ ಮಕ್ಕಳ ಮುಂದೆ ನೀನು ಆ ದೀಪದ ಕೋಣೆ ಹಿಂದಿಂದ ಎದ್ದು ಬಂದಿದ್ರೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಬೇಕಿತ್ತು? ಅದಕ್ಕೆ ಇಳಿದೆ. ನಿನ್ನ ಯೋಚನೆ ನನಗೆ ಬರಲೇ ಇಲ್ಲ ಆಗ."

ತಂಗಿ ಇಷ್ಟು ದಿನವೂ ನಾಚಿಕೆಯೆಲ್ಲ ತನ್ನೊಬ್ಬಳದೇ ಎಂದುಕೊಂಡಿದ್ದಳು. ಊಟ ಬಿಟ್ಟಿದ್ದಳು, ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಕಣ್ಣೊರೆಸಿಕೊಂಡಿದ್ದಳು, ಅದರಲ್ಲಿ ಸಣ್ಣದೊಂದು ಜಂಬವೂ ಇತ್ತು: ನೋಡಿ, ನಾನು ಎಷ್ಟು ಪಶ್ಚಾತ್ತಾಪ ಪಡುತ್ತಿದ್ದೇನೆ. ಅದೇ ಹೊತ್ತಿನಲ್ಲಿ ಎರಡು ಬೀದಿ ಆಚೆ ಇನ್ನೊಬ್ಬಳು, ಏನೂ ಮಾಡದವಳು, ಅದೇ ನಾಚಿಕೆಯನ್ನು ಇಟ್ಟುಕೊಂಡು ಪಾಠ ಮಾಡಿ ಬರುತ್ತಿದ್ದಳು.

"ಒಂದು ಕೇಳ್ತೀನಿ," ಎಂದಳು ಅಕ್ಕ. "ಸುಳ್ಳು ಹೇಳಬೇಡ, ಹೇಳಿದ್ರೆ ನನಗೆ ಗೊತ್ತಾಗತ್ತೆ. ನನ್ನಲ್ಲಿ ಯಾವುದು? ಮಾತಾ? ಬಟ್ಟೆನಾ? ಎಲ್ಲರನ್ನೂ ಮಾತಾಡ್ಸ್ಕೊಂಡು ನಿಲ್ತೀನಲ್ಲ, ಅದಾ? ಯಾವುದು ಅಂತ ಹೇಳು. ತಿದ್ಕೊಳೋಕಾದ್ರೆ ತಿದ್ಕೋತೀನಿ. ಆಗದೇ ಇದ್ರೆ, ಗೊತ್ತಾದ್ರೂ ಇರತ್ತೆ."

ಇನ್ನು ಮುಕ್ತಾಯ. ನನ್ನ ಬಳಿ ಮೂರಿದ್ದವು.

ಮೊದಲನೆಯದರಲ್ಲಿ ತಂಗಿ ಅಕ್ಕನ ಮಡಿಲಿಗೆ ಬಿದ್ದು ಅಳುತ್ತಾಳೆ. ಅಕ್ಕ ತಲೆ ಸವರುತ್ತಾಳೆ. ಬರೆದು ನೋಡಿದೆ, ಅಕ್ಕನ ಕೈ ಏಳಲಿಲ್ಲ. ನಾನು ಎತ್ತಿದರೂ ಅದು ಮತ್ತೆ ಚಿತ್ರಗಳ ಮೇಲೇ ಹೋಗಿ ಬಿತ್ತು.

ಎರಡನೆಯದರಲ್ಲಿ ತಂಗಿ, "ನಿನ್ನಲ್ಲೇನೂ ಇಲ್ಲ ಅಕ್ಕ, ತಪ್ಪು ನನ್ನಲ್ಲೇ," ಎನ್ನುತ್ತಾಳೆ. ಕೇಳಲು ಚೆನ್ನಾಗಿದೆ. ಆದರೆ ಅದು ಕೌಂಟರಿನ ದನಿ. ಅಕ್ಕನಿಗೆ ಈಗ ಆ ದನಿಯ ಗುರುತು ಸಿಕ್ಕಿದೆ.

ಮೂರನೆಯದರಲ್ಲಿ ತಂಗಿ ನಿಜ ಹೇಳುತ್ತಾಳೆ. ಬೋರ್ಡಿನ ಒತ್ತಕ್ಷರ, ಪಕ್ಕದ ಸೀಟಿನವರ ಥೈರಾಯಿಡ್ಡು, ಚಪ್ಪಾಳೆ, ಒಂದೊಂದನ್ನೇ. ಬರೆಯುತ್ತ ಹೋದಂತೆ ಅದರಲ್ಲಿ ಒಂದೂ ನನಗೆ ನಾಚಿಕೆ ಪಡುವಂಥದ್ದಾಗಿ ಕಾಣಲಿಲ್ಲ. ಸಂತೋಷದಿಂದ ತಂಗಿಗೆ ಹೇಳಿದೆ: ನೋಡು, ಎಲ್ಲ ಕರಗಿಹೋಯಿತು!

'ನಿಮಗೆ ಕರಗಿತು,' ಎಂದಳು ಅವಳು. 'ನನಗೆ ಇನ್ನೂ ನಾಚಿಕೆಯೇ ಆಗತ್ತೆ. ನಾಳೆ ಅವಳು ನಾಲ್ಕು ಜನರ ಮಧ್ಯೆ ಹಂಗೇ ಮಾತಾಡಿದ್ರೆ ನಾನು ಮತ್ತೆ ಎರಡು ಹೆಜ್ಜೆ ಮುಂದೆ ನಡೆದುಬಿಡ್ತೀನೇನೋ. ಇಷ್ಟೆಲ್ಲ ಆದಮೇಲೂ. ಅದನ್ನ ಹೇಗೆ ಹೇಳೋದು ಅವಳಿಗೆ?'

ಹಾಗಾದರೆ ಈಗ ಏನು ಹೇಳುತ್ತೀಯಮ್ಮಾ, ಅವಳು ಕಾಯುತ್ತಿದ್ದಾಳೆ ಎಂದೆ.

'ಹೇಳ್ತೀನಿ. ನೀವು ಹೊರಗೆ ಹೋಗಿ. ಅವರನ್ನೂ ಕರ್ಕೊಂಡು ಹೋಗಿ.'

ಅವರು ಎಂದರೆ ನೀವು.

ಹೀಗಾಗಿ ಈಗ ನಾವಿಬ್ಬರೂ ಹೊರಗಿದ್ದೇವೆ, ಮಹಡಿಯ ಈ ಇಕ್ಕಟ್ಟಾದ ಜಾಗದಲ್ಲಿ, ಅಕ್ಕನ ಚಪ್ಪಲಿಗಳ ಪಕ್ಕದಲ್ಲಿ. ಕದ ಹಾಕಿದೆ. ಇದಕ್ಕೊಂದು ಕೊನೆ ಕೊಡಿ ಎಂದು ನನ್ನನ್ನು ಕೇಳಬೇಡಿ. ನನ್ನನ್ನೂ ನಿಮ್ಮ ಕಣ್ಣೆದುರಿಗೇ ಆಚೆ ಹಾಕಿದ್ದಾರೆ. ಒಳಗೆ ತಂಗಿ ಮಾತಾಡುತ್ತಿರುವುದು ಕೇಳುತ್ತಿದೆ, ಏನೆಂದು ಬಿಡಿಸಿ ಕೇಳುತ್ತಿಲ್ಲ. ಒಮ್ಮೆ ತಡವರಿಸಿತು, ನಿಂತಿತು, ಮತ್ತೆ ಶುರುವಾಯಿತು. ಬಹಳ ಹೊತ್ತಿನಿಂದ ಅವಳೊಬ್ಬಳದೇ ದನಿ. ಅಕ್ಕ ಒಂದು ಸಲವೂ ನಡುವೆ ಬಾಯಿ ಹಾಕಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ಗೊತ್ತಿಲ್ಲ.